ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತ್ರೆ ವಾಲೋದ್ಯಾಕೆ

ಸರ್, ಸ್ಕೇಟಿಂಗ್‌ಗೋಸ್ಕರ ಒಂಟಿ ಕಾಲಲ್ಲಿ ನಿಲ್ಲೋ ಪ್ರಾಕ್ಟೀಸ್ ಮಾಡ್ತಿದೀನಿ, ಕಣ್ಣು ಬಿಟ್ಕೊಂಡ್ರೆ ಅರ್ಧ ನಿಮಿಷ ನಿಲ್ತೀನಿ, ಮುಚ್ಚಿದ್ರೆ ಐದೇ ಸೆಕೆಂಡಿಗೆ ವಾಲ್ಬಿಡ್ತೀನಿ, ತಲೇಲಿ ಏನಾದ್ರೂ ತೊಂದ್ರೆನಾ ಅಂತ ನೀವು ಗ್ರೂಪಲ್ಲಿ ಕೇಳಿದ್ರಲ್ಲ. ಗಾಬರಿ ಬೇಡ, ಬಹಳ ಜನಕ್ಕೆ ಹಂಗೇ ಆಗೋದು.

ಬ್ಯಾಲೆನ್ಸ್ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಹೋಗುತ್ತೆ: ಕಣ್ಣು, ಒಳಕಿವಿ, ಆಮೇಲೆ ಪಾದ, ಕೀಲು, ಸ್ನಾಯು. ಕಣ್ಣು ಮುಚ್ಚಿದ್ರೆ ಒಂದು ಲೈನ್ ಕಟ್, ಅಷ್ಟೇ. ಒಳಕಿವೀಲಿ ಬಳೆ ಥರ ಬಾಗಿರೋ ಮೂರು ಸಣ್ಣ ಕೊಳವೆ ಇವೆ, ಬಕೆಟ್ಟನ್ನ ಗರ್ರಂತ ತಿರುಗಿಸಿದ್ರೆ ನೀರು ತಡವಾಗಿ ತಿರುಗುತ್ತಲ್ಲ, ತಲೆ ತಿರುಗಿಸಿದಾಗ ಅದರೊಳಗಿನ ದ್ರವಾನೂ ಹಂಗೇ ಹಿಂದೆ ಉಳಿಯುತ್ತೆ, ಅದ್ರಿಂದಾನೇ ಮೆದುಳಿಗೆ ಗೊತ್ತಾಗೋದು. ಈಗ್ಲೇ ನೋಡಿ, ಫೋನನ್ನ ಆಕಡೆ ಈಕಡೆ ಜೋರಾಗಿ ಅಲ್ಲಾಡಿಸಿ, ಅಕ್ಷರ ಕಲಸೋಗುತ್ತೆ, ಫೋನ್ ಹಂಗೇ ಇಟ್ಟು ಅದೇ ಸ್ಪೀಡಲ್ಲಿ ತಲೆ ಅಲ್ಲಾಡಿಸಿ, ಆರಾಮಾಗಿ ಓದ್ಬಹುದು. ಕಿವಿಯಿಂದ ಹೊರಟ ಸುದ್ದಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಲ್ಲೇ ಕಣ್ಣನ್ನ ಉಲ್ಟಾ ದಿಕ್ಕಿಗೆ ತಿರುಗಿಸಿರುತ್ತೆ.

ಇದನ್ನೆಲ್ಲ ತಾಳೆ ನೋಡೋದು ಹಿಂದಲೆ ಕೆಳಗಿರೋ ಸೆರೆಬೆಲ್ಲಮ್, ಸ್ಕೂಲಲ್ಲಿ ಅನುಮಸ್ತಿಷ್ಕ ಅಂತ ಓದಿರ್ತೀವಿ. ಸೈಜು ಮೆದುಳಿನ ಹತ್ತನೇ ಒಂದು ಭಾಗ, ಆದ್ರೆ ಮೆದುಳಿನ ನರಕೋಶಗಳಲ್ಲಿ ಸುಮಾರು 80% ಅಲ್ಲೇ ಇರೋದು! ಏನಾಗ್ಬೇಕಿತ್ತು, ಏನಾಯ್ತು ಅಂತ ಹೋಲಿಸಿ, ತಪ್ಪಿದ್ರೆ ಮುಂದಿನ ಸಲಕ್ಕೆ ಲೆಕ್ಕ ತಿದ್ದುತ್ತೆ. ಕೆಟ್ಟು ನಿಂತಿರೋ ಎಸ್ಕಲೇಟರ್ ಹತ್ತುವಾಗ ಒಂದ್ಸಲ ಮುಗ್ಗರಿಸಿದ ಹಂಗಾಗುತ್ತಲ್ಲ, ನಿಂತಿದೆ ಅಂತ ಕಣ್ಣಿಗೆ ಕಾಣ್ತಿದ್ರೂ ಮೈ ಹಳೇ ಲೆಕ್ಕದಲ್ಲೇ ಮುಂದಕ್ಕೆ ವಾಲಿರುತ್ತೆ.

ಅದಕ್ಕೇ ಗ್ರೂಪಲ್ಲಿ ಒಬ್ರು ಗೋಡೆ ಗಟ್ಟಿಯಾಗಿ ಹಿಡ್ಕೊಂಡು ಮಾಡಿ ಅಂದಿದ್ದು ನಂಗೆ ಒಪ್ಪಿಗೆ ಇಲ್ಲ, ವಾಲದೇ ಇದ್ರೆ ತಿದ್ದೋಕೆ ಏನಿರುತ್ತೆ? ನಾನೂ ಮೂರು ವಾರ ಹಂಗೇ ಮಾಡಿ ಗೋಡೆ ಹಿಡಿಯೋದ್ರಲ್ಲಿ ಎಕ್ಸ್‌ಪರ್ಟ್ ಆಗಿದ್ದೆ. ಗೋಡೆ ಪಕ್ಕದಲ್ಲೇ ನಿಲ್ಲಿ, ಆದ್ರೆ ಒಂದು ಬೆರಳ ತುದಿ ಮಾತ್ರ ಸುಮ್ನೆ ತಾಗಿಸಿ, ಭಾರ ಹಾಕ್ಬೇಡಿ. ಅಷ್ಟು ಹಗುರ ಸ್ಪರ್ಶಕ್ಕೂ ತೂರಾಟ ಎದ್ದು ಕಾಣೋಷ್ಟು ಕಮ್ಮಿ ಆಗುತ್ತೆ, ಯಾಕಂದ್ರೆ ಬೆರಳು ಆಸರೆ ಕೊಡ್ತಿಲ್ಲ, ಸುದ್ದಿ ಕೊಡ್ತಿದೆ. ಮೊದ್ಲು ಬರಿಗಾಲಲ್ಲಿ, ಕಣ್ಣು ಬಿಟ್ಕೊಂಡು, ಎದುರಿಗಿನ ಒಂದು ಚುಕ್ಕೆ ನೋಡ್ತಾ. ಅದು ಬಂದ್ಮೇಲೆ ಬೆರಳು ತೆಗೀರಿ, ಆಮೇಲೆ ಕಣ್ಣು ಮುಚ್ಚಿ. ಮೆತ್ತನೆ ದಿಂಬಿನ ಮೇಲೆ ನಿಲ್ಲೋದು ಕೊನೇಗೆ, ಯಾಕಂದ್ರೆ ಅಲ್ಲಿ ಪಾದದ ಸುದ್ದಿನೂ ಮಸುಕಾಗುತ್ತೆ, ಜೊತೆಗೆ ಕಣ್ಣೂ ಮುಚ್ಚಿದ್ರೆ ಹೆಚ್ಚುಕಮ್ಮಿ ಒಳಕಿವಿ ಒಂದನ್ನೇ ನಂಬ್ಕೋಬೇಕು. ಒಂದೇ ದಿನ ಒಂದು ಗಂಟೆ ಗುದ್ದಾಡೋ ಬದ್ಲು ದಿನಾ ಐದೈದು ನಿಮಿಷ ಸಾಕು.

ಒಂದೇ ವಿಷಯ, ಎರಡೂ ಕಾಲೂರಿ ಕಣ್ಣು ಬಿಟ್ಕೊಂಡು ನಿಂತ್ರೂ ದಿಢೀರಂತ ತೂರಾಡೋದು, ಮಾತು ತೊದಲೋದು, ಒಂದು ಎರಡಾಗಿ ಕಾಣೋದು ಇದ್ರೆ ಪ್ರಾಕ್ಟೀಸ್ ಗೀಕ್ಟೀಸ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ, ಗ್ರೂಪಲ್ಲಿ ಕೇಳ್ತಾ ಕೂರ್ಬೇಡಿ.