ಕತ್ತರಿ ಎಷ್ಟು ಹಾಕಬೇಕು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 26 ವರ್ಷ. ಎರಡು ವರ್ಷದಿಂದ ಹೊಟ್ಟೆಯ ಬಲಗಡೆ ಕೆಳಗೆ ನೋವು, ಆಗಾಗ ಭೇದಿ. 11 ಕೆಜಿ ಇಳಿದಿದ್ದಾನೆ. ಕರುಳಿನ ಟಿಬಿ ಎಂದು ಆರು ತಿಂಗಳು ಮಾತ್ರೆ ಕೊಟ್ಟರು, ವಾಸಿಯಾಗಲಿಲ್ಲ. ಈಗ ಕ್ರೋನ್ಸ್ ಕಾಯಿಲೆ, ಸಣ್ಣ ಕರುಳು ಮೂರು ಕಡೆ ಕಿರಿದಾಗಿದೆ, ಆಪರೇಷನ್ ಬೇಕು ಎನ್ನುತ್ತಾರೆ. ಕರುಳನ್ನೆಲ್ಲ ತೆಗೆದುಬಿಡುತ್ತಾರಾ? ಹೊಟ್ಟೆಗೆ ಮಲದ ಚೀಲ ಹಾಕುತ್ತಾರಾ? ಮತ್ತೆ ಬರಲ್ವಾ? ಮಂಡಕ್ಕಿ ಮಿರ್ಚಿ ತಿಂದೇ ಹೀಗಾಯ್ತು ಎಂದು ನೆಂಟರು ಬೈಯುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರ ನಡೆಸುವವಳು.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ನೆಂಟರ ಬಾಯಿ ಮುಚ್ಚಿಸೋಣ ತಾಯೀ. ಮಿರ್ಚಿಯಿಂದ ಈ ಕಾಯಿಲೆ ಬರುವುದಾದರೆ ನಮ್ಮ ಊರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ರೋಗ ತಡೆಯಬೇಕಾದ ಶಕ್ತಿಯೇ ತಿರುಗಿಬಿದ್ದು ಕರುಳಿನ ಮೇಲೆ ಜಗಳಕ್ಕೆ ನಿಲ್ಲುವುದು ಈ ಕಾಯಿಲೆ.

ಟಿಬಿ ಮಾತ್ರೆ ಕೊಟ್ಟವರನ್ನೂ ಬೈಯಬೇಡಿ. ಎರಡೂ ಕಾಯಿಲೆ ಹೆಚ್ಚಾಗಿ ಸಣ್ಣ ಕರುಳಿನ ಕೊನೆಯಲ್ಲೇ ಕೂರುತ್ತವೆ. ಕರುಳಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನಾನು ಹೊಸದಾಗಿ ಸರ್ಜನ್ ಆಗಿದ್ದಾಗ ಅಪೆಂಡಿಕ್ಸ್ ಎಂದುಕೊಂಡು ಒಬ್ಬ ಹುಡುಗನ ಹೊಟ್ಟೆ ತೆರೆದೆ. ಅಪೆಂಡಿಕ್ಸ್ ಚೆನ್ನಾಗಿತ್ತು. ಪಕ್ಕದ ಕರುಳು ಮಾತ್ರ ಕೆಂಪಗೆ, ದಪ್ಪಗೆ, ಮೇಲೆ ಕೊಬ್ಬು ಹಬ್ಬಿಕೊಂಡಿತ್ತು. ನಾನೂ ಟಿಬಿ ಎಂದೇ ಬರೆದೆ. ಎರಡು ವರ್ಷದ ಮೇಲೆ ಅವನು ಗುದದ ಪಕ್ಕ ಕೀವು ಸೋರುವ ಫಿಸ್ಟುಲಾ ಇಟ್ಟುಕೊಂಡು ಬಂದ. ಇದು ಕ್ರೋನ್ಸ್ ಎಂದು ಆಮೇಲೆ ನನ್ನ ತಲೆಗೆ ಹೊಳೆಯಿತು.

ಈ ಕಾಯಿಲೆ ಎಲ್ಲರಲ್ಲೂ ಒಂದೇ ರೂಪದಲ್ಲಿರುವುದಿಲ್ಲ. ಕೆಲವರಲ್ಲಿ ಬರೀ ಊತ, ಹುಣ್ಣು. ಇವರಿಗೆ ಸಾಮಾನ್ಯವಾಗಿ ಔಷಧಿಯೇ ಮೊದಲು. ಕೆಲವರಲ್ಲಿ ಆ ಹುಣ್ಣು ಕರುಳಿನ ಗೋಡೆಯನ್ನು ಕೊರೆದು ಆಚೆ ಹೋಗುತ್ತದೆ. ಒಳಗೆ ಕೀವು ಕಟ್ಟುತ್ತದೆ, ಇಲ್ಲವೇ ಇನ್ನೊಂದು ಕರುಳಿಗೋ, ಮೂತ್ರದ ಚೀಲಕ್ಕೋ, ಚರ್ಮಕ್ಕೋ ದಾರಿಯಾಗುತ್ತದೆ. ಆಗ ಮೊದಲು ಕೀವು ತೆಗೆಯಬೇಕು. ಗುದದ ಫಿಸ್ಟುಲಾ ಆದರೆ ಸೆಟಾನ್ ಎಂಬ ದಾರ ಪೋಣಿಸಿ ಬಿಡುತ್ತೇವೆ, ಕೀವು ನಿಲ್ಲದೆ ಹರಿದುಹೋಗಲಿ ಎಂದು. ನಿಮ್ಮ ಮಗನದು ಇನ್ನೊಂದು ರೂಪ, ಕಿರಿದಾಗುವುದು. ಊತದಿಂದ ಕಿರಿದಾಗಿದ್ದರೆ ಔಷಧಿಗೆ ಬಗ್ಗುತ್ತದೆ. ಗಾಯ ಒಣಗಿ ಗಟ್ಟಿ ಕಲೆಯಾಗಿದ್ದರೆ ಯಾವ ಇಂಜೆಕ್ಷನ್ನೂ ಅದನ್ನು ಮೆತ್ತಗೆ ಮಾಡುವುದಿಲ್ಲ.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಹಿಂದೆ ಸರ್ಜನ್‌ಗಳು ಧಾರಾಳವಾಗಿ ಕತ್ತರಿಸುತ್ತಿದ್ದರು. ಜಾಸ್ತಿ ತೆಗೆದ ಮಾತ್ರಕ್ಕೆ ಕಾಯಿಲೆ ಮರಳುವುದು ಕಡಿಮೆಯಾಗಲಿಲ್ಲ, ಕರುಳು ಮಾತ್ರ ಗಿಡ್ಡವಾಯಿತು. ಈಗ ಕೆಟ್ಟಷ್ಟನ್ನೇ ತೆಗೆದು ಎರಡು ತುದಿ ಜೋಡಿಸುತ್ತಾರೆ. ಎಷ್ಟೋ ಸಲ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನಿನಲ್ಲೇ ಆಗುತ್ತದೆ.

ಚಿಕ್ಕ ಚಿಕ್ಕ ಕಿರಿದು ಜಾಗಗಳಾದರೆ ಏನನ್ನೂ ತೆಗೆಯಬೇಕಾಗಿಲ್ಲ. ನಿಮ್ಮಂಥವರಿಗೆ ಇದನ್ನು ಹೇಳುವುದು ಸುಲಭ. ಬಿಗಿಯಾದ ಹಳೇ ತೋಳೊಂದನ್ನು ತಗೊಳ್ಳಿ. ಬಿಗಿ ಇರುವ ಕಡೆ ಉದ್ದಕ್ಕೆ ಎರಡು ಇಂಚು ಸೀಳಿ. ಸೀಳಿನ ನಡುವನ್ನು ಎರಡೂ ಪಕ್ಕಕ್ಕೆ ಎಳೆದು, ಅಡ್ಡಕ್ಕೆ ಹೊಲಿಯಿರಿ. ತೋಳು ಸ್ವಲ್ಪ ಗಿಡ್ಡ, ಆದರೆ ಅಗಲ. ಬಟ್ಟೆ ಒಂದು ಚೂರೂ ಹೋಗಲಿಲ್ಲ ಅಲ್ವಾ? ಇದಕ್ಕೆ ಸ್ಟ್ರಿಕ್ಚರೋಪ್ಲಾಸ್ಟಿ ಎನ್ನುತ್ತಾರೆ. ಕೀವು, ಫಿಸ್ಟುಲಾ ಇದ್ದ ಜಾಗದಲ್ಲಿ ಇದು ಬೇಡ. ಮಗನ ಮೂರು ಜಾಗದಲ್ಲಿ ಎಲ್ಲಿ ತೆಗೆಯುತ್ತೀರಿ, ಎಲ್ಲಿ ಅಗಲ ಮಾಡುತ್ತೀರಿ ಎಂದು ಸರ್ಜನ್‌ರನ್ನು ಕೇಳಿ.

ಚೀಲ ಎಲ್ಲರಿಗೂ ಇಲ್ಲ. ಮೈ ತೀರಾ ಸೊರಗಿದ್ದರೆ, ಒಳಗೆ ಕೀವಿದ್ದರೆ ಹೊಲಿಗೆ ಕೂಡುವುದು ಕಷ್ಟ. ಆಗ ಕೆಲವು ತಿಂಗಳಿಗೆ ಇಡುತ್ತಾರೆ, ಆಮೇಲೆ ಸಾಮಾನ್ಯವಾಗಿ ಚೀಲ ತೆಗೆದು ಆ ದಾರಿ ಮುಚ್ಚುತ್ತಾರೆ. 11 ಕೆಜಿ ಇಳಿದವನನ್ನು ಅವಸರದಲ್ಲಿ ಟೇಬಲ್ ಮೇಲೆ ಮಲಗಿಸುವುದು ನನಗೆ ಇಷ್ಟವಿಲ್ಲ. ಆಗುವುದಾದರೆ ಕೆಲವು ವಾರ ತಿನ್ನಿಸಿ, ರಕ್ತದ ಅಂಶ ಹೆಚ್ಚಿಸಿಕೊಂಡು ಹೋಗಲಿ. ವಾಂತಿ ಶುರುವಾಗಿ, ಹೊಟ್ಟೆ ಉಬ್ಬಿ, ಗಾಳಿಯೂ ಹೋಗದಿದ್ದರೆ ಮಾತ್ರ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿ. ಅಲ್ಲಿಯವರೆಗೆ ಮೆಕ್ಕೆಜೋಳ, ಶೇಂಗಾ, ನಾರಿನ ತರಕಾರಿ ಬೇಡ. ಕಿರಿದು ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ.

ಮತ್ತೆ ಬರುತ್ತಾ ಎಂದಿರಿ. ಸುಳ್ಳು ಹೇಳಲಾರೆ, ಬರಬಹುದು. ಬಂದರೆ ಸಾಮಾನ್ಯವಾಗಿ ಜೋಡಿಸಿದ ಜಾಗದಲ್ಲೇ. ಅದಕ್ಕೇ ಆಪರೇಷನ್ ಆಯಿತೆಂದು ಡಾಕ್ಟರ ಕಡೆ ಹೋಗುವುದು ಬಿಡಬಾರದು. 6ರಿಂದ 12 ತಿಂಗಳೊಳಗೆ ಒಮ್ಮೆ ಕೊಲೊನೋಸ್ಕೋಪಿ, ಅಂದರೆ ಗುದದಿಂದ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಪರೀಕ್ಷೆ, ಮಾಡಿ ನೋಡಬೇಕು. ಸಣ್ಣ ಕರುಳಿನ ಕೊನೆ ತೆಗೆದರೆ ಬಿ12 ವಿಟಮಿನ್ ಹೀರುವುದು ಕುಂದುತ್ತದೆ, ಇಂಜೆಕ್ಷನ್ ಬೇಕಾಗಬಹುದು. ಮಗ ಸಿಗರೇಟು ಸೇದುತ್ತಾನೋ ಇಲ್ಲವೋ ನೀವು ಬರೆದಿಲ್ಲ. ಸೇದಿದರೆ ಕಾಯಿಲೆ ಬೇಗ ಮರಳುತ್ತದೆ. ನೆಂಟರು ಬೈಯಲೇಬೇಕು ಅಂದರೆ ಅದಕ್ಕೆ ಬೈಯಲಿ.