ಓದುಗರ ಪ್ರಶ್ನೆ: ತಾಯಿ ನುಂಗಿದ ಮಾತ್ರೆಯಿಂದ ಮಗಳಿಗೆ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನನಗೀಗ ನಾಲ್ಕು ತಿಂಗಳು. ಅಮೆರಿಕದಲ್ಲಿ ಹಿಂದೆ ತಾಯಂದಿರು ಬಸಿರಿನಲ್ಲಿ ನುಂಗಿದ ಮಾತ್ರೆಯೊಂದರಿಂದ, ಎಷ್ಟೋ ವರ್ಷಗಳ ನಂತರ ಅವರ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಬಂದಿತ್ತೆಂದು ಓದಿದೆ. ಇದು ನಿಜವೇ? ಅಷ್ಟು ಕಾಲ ಕಾಣದಿದ್ದ ರೋಗ ಆಮೇಲೆ ಹೇಗೆ ತಲೆದೋರುತ್ತದೆ? ಈಗ ಕಬ್ಬಿಣಾಂಶದ ಮಾತ್ರೆ ನುಂಗಲೂ ಹೆದರಿಕೆಯಾಗುತ್ತಿದೆ.
— ಒಬ್ಬ ಓದುಗರು, ಹಾಸನ

ಉತ್ತರ: ನೀವು ಓದಿದ್ದು ನಿಜ. ಆ ಔಷಧದ ಹೆಸರು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್, ಚಿಕ್ಕದಾಗಿ ಡಿಇಎಸ್. ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ಈ ಕೃತಕ ರಾಸಾಯನಿಕವನ್ನು 1938ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದರು; ಗರ್ಭಪಾತವನ್ನು ತಡೆಯುತ್ತದೆಂಬ ನಂಬಿಕೆಯಿಂದ ಅಮೆರಿಕದಲ್ಲಿ ಲಕ್ಷಾಂತರ ಗರ್ಭಿಣಿಯರಿಗೆ ಕೊಟ್ಟರು. ಅದರಿಂದ ಗರ್ಭಪಾತವೇನೂ ಕಡಿಮೆಯಾಗುವುದಿಲ್ಲವೆಂದು ಷಿಕಾಗೋದ ಪರೀಕ್ಷೆಯೊಂದು 1953ರಲ್ಲೇ ತೋರಿಸಿತ್ತು. ಹಾಗಿದ್ದೂ ಮತ್ತೆ 18 ವರ್ಷ ಅದನ್ನು ಬರೆದುಕೊಡುತ್ತಲೇ ಹೋದದ್ದು ಕ್ಷಮಿಸಲಾಗದ ತಪ್ಪೆಂದೇ ನಾನು ತಿಳಿಯುತ್ತೇನೆ.

ಬಾಸ್ಟನ್ನಿನ ವೈದ್ಯರಾದ ಹರ್ಬ್‌ಸ್ಟ್, ಉಲ್ಫೆಲ್ಡರ್ ಮತ್ತು ಪೊಸ್ಕಾಂಜರ್ ಯೋನಿಯ ಅಪರೂಪದ ಕ್ಯಾನ್ಸರಿಗೆ ತುತ್ತಾದ 8 ಎಳೆಯ ಹೆಣ್ಣುಮಕ್ಕಳ ವಿವರವನ್ನು 1971ರಲ್ಲಿ ಪ್ರಕಟಿಸಿದರು. ಆ ಎಂಟರಲ್ಲಿ ಏಳು ಮಂದಿಯ ತಾಯಂದಿರು ಗರ್ಭಿಣಿಯಾಗಿದ್ದಾಗ ಡಿಇಎಸ್ ತೆಗೆದುಕೊಂಡಿದ್ದರು. ಹೋಲಿಕೆಗೆಂದು ಆರಿಸಿದ್ದ 32 ಆರೋಗ್ಯವಂತ ಯುವತಿಯರ ತಾಯಂದಿರಲ್ಲಿ ಒಬ್ಬರೂ ತೆಗೆದುಕೊಂಡಿರಲಿಲ್ಲ. ಔಷಧದ ಕಡೆಗೆ ಮೊದಲು ಬೊಟ್ಟು ಮಾಡಿದವಳು ರೋಗಿಯೊಬ್ಬಳ ತಾಯಿ ಎಂಬುದನ್ನು ಮರೆಯಬಾರದು. ಅದೇ ವರ್ಷ ಅಮೆರಿಕದ ಸರ್ಕಾರ ಗರ್ಭಿಣಿಯರಿಗೆ ಇದನ್ನು ಕೊಡಬಾರದೆಂದು ಎಚ್ಚರಿಸಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಭ್ರೂಣದ ಬೆಳವಣಿಗೆಯಲ್ಲಿದೆ. ಹೆಣ್ಣು ಭ್ರೂಣದಲ್ಲಿ ಯೋನಿಯ ಒಳಪದರ ಮೊದಲು ಗ್ರಂಥಿಯಂಥ ಜೀವಕೋಶಗಳಿಂದ ಕೂಡಿದ್ದು, ಕ್ರಮೇಣ ಆ ಜಾಗಕ್ಕೆ ಚರ್ಮದಂಥ ಚಪ್ಪಟೆ ಕೋಶಗಳು ಬರುತ್ತವೆ. ಈ ಬದಲಾವಣೆ ನಡೆಯಬೇಕಾದ ವಾರಗಳಲ್ಲೇ ಡಿಇಎಸ್ ಒಳಹೊಕ್ಕರೆ ಹಳೆಯ ಕೋಶಗಳು ಅಲ್ಲಲ್ಲೇ ಉಳಿದುಬಿಡುತ್ತವೆ. ಹುಡುಗಿ ಮೈನೆರೆದ ಮೇಲೆ, ಅವಳದೇ ಹಾರ್ಮೋನುಗಳು ಏರಿದಾಗ, ಅಪರೂಪಕ್ಕೊಮ್ಮೆ ಅಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಹೀಗಾದದ್ದು ಡಿಇಎಸ್ ಸೋಕಿದ ಸುಮಾರು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ. ಇವರಲ್ಲಿ ನಲವತ್ತು ದಾಟಿದವರಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚೆಂದು ಮುಂದೆ ಕಂಡುಬಂತು.

ಇದು ಮಾತ್ರೆಗಷ್ಟೇ ಸೀಮಿತವಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ 1959ರಿಂದ 1967ರವರೆಗೆ ತೆಗೆದಿಟ್ಟ ತಾಯಂದಿರ ರಕ್ತವನ್ನು ಪರೀಕ್ಷಿಸಿದಾಗ, ಡಿಡಿಟಿ ಎಂಬ ಕೀಟನಾಶಕದ ಅಂಶ ಅತಿ ಹೆಚ್ಚಿದ್ದವರ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ನಾಲ್ಕು ಪಟ್ಟು ಕಂಡಿತು. ಆದ್ದರಿಂದ ಹೊಲ, ತೋಟಕ್ಕೆ ಔಷಧಿ ಹೊಡೆಯುವಾಗ ನೀವು ಅಲ್ಲಿರಬೇಡಿ, ಹೊಡೆದವರ ಬಟ್ಟೆಯನ್ನೂ ನೀವು ಒಗೆಯಬೇಡಿ.

ಕಬ್ಬಿಣಾಂಶದ ಮಾತ್ರೆಗೂ ಡಿಇಎಸ್‌ಗೂ ಯಾವ ಸಂಬಂಧವೂ ಇಲ್ಲ. ರಕ್ತಹೀನತೆ ನಿಮಗೂ ಮಗುವಿಗೂ ಅಪಾಯಕಾರಿಯಾದ್ದರಿಂದ ದಯವಿಟ್ಟು ಅದನ್ನು ನಿಲ್ಲಿಸಬೇಡಿ. ವೈದ್ಯರು ಹೇಳದೆ, ಔಷಧಿ ಅಂಗಡಿಯಲ್ಲಿ ನೀವೇ ಕೇಳಿ ತಂದುಕೊಂಡ ಮಾತ್ರೆಗಳಿದ್ದರೆ ಅವನ್ನು ಮುಂದಿನ ತಪಾಸಣೆಗೆ ಹೋಗುವಾಗ ಕೊಂಡೊಯ್ದು ತೋರಿಸಿ.