ಮೊಟ್ಟೆ ತಂದ ಹುಡುಗರಿಗೆ ನೋಟ್‌ಬುಕ್ ಕೊಡಿ

ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರ (ಹೆಸರು ಬೇಡ ಎಂದಿದ್ದಾರೆ): "ಕಳೆದ ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಜಾಥಾ ಹೋದೆವು, ಚಿತ್ರ ಬರೆಯುವ ಸ್ಪರ್ಧೆ ಇಟ್ಟೆವು. ಮಕ್ಕಳು ಹುಲಿ, ಸಿಂಹ, ಜಿರಾಫೆ ಬರೆದರು. ಯುಗಾದಿ ಮಾರನೇ ದಿನ ಅವರಲ್ಲೇ ಹಲವರು ಅಪ್ಪಂದಿರ ಜೊತೆ ಮೊಲದ ಬೇಟೆಗೆ ಹೋಗಿದ್ದರು. ಈ ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಆರನೇ ತರಗತಿಯ ಇಬ್ಬರು ಹುಡುಗರು ಹೊಲದಿಂದ ನಾಲ್ಕು ಹಕ್ಕಿಮೊಟ್ಟೆ ಜೇಬಿಗಿಟ್ಟುಕೊಂಡು ಬಂದರು. ಚೆನ್ನಾಗಿ ಬೈದೆ. ಮಕ್ಕಳಲ್ಲಿ ಕಾಡುಪ್ರಾಣಿಗಳ ಬಗ್ಗೆ ಕಾಳಜಿ ಬರುವಂತೆ ಮಾಡುವುದು ಹೇಗೆ?"

ಮೇಡಂ, ನಮಸ್ಕಾರ.

ನಿಮ್ಮ ಪತ್ರದಲ್ಲಿ ನನಗೆ ಭರವಸೆ ಹುಟ್ಟಿಸಿದವರು ಆ ಇಬ್ಬರು ಹುಡುಗರೇ. ಮೊಟ್ಟೆ ಮಣ್ಣಿನ ಬಣ್ಣದ್ದು, ಮೇಲೆ ಕಪ್ಪು ಮಚ್ಚೆ, ಒಂದು ತುದಿ ಚೂಪು, "ನೆತ್ತಿ ಮೇಲೆ ಹಾರಾಡ್ತಾ ಬಾಯಿ ಮಾಡ್ತಿತ್ತು ಮಿಸ್" ಎಂದರು ಅಂತ ಬರೆದಿದ್ದೀರಿ. ಇಷ್ಟು ಸಾಕು, ಅದು ಟಿಟ್ಟಿಭ. ನಿಮ್ಮ ಕಡೆ ಮೆಕ್ಕೆಜೋಳದ ಹೊಲ, ಬೀಳು, ಕೆರೆಯಂಗಳ ಎಲ್ಲ ಕಡೆ ಇರುವ, ರಾತ್ರಿಯಲ್ಲೂ ಕೂಗುವ ಹಳದಿ ಕಾಲಿನ ಹಕ್ಕಿ. ಅದು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ ಚಿಕ್ಕದೊಂದು ತಗ್ಗು ಮಾಡಿ, ಸುತ್ತ ಹರಳುಕಲ್ಲು ಸೇರಿಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಚೂಪು ತುದಿಗಳೆಲ್ಲ ಒಳಮುಖ. ಎರಡು ಮಾರು ದೂರದಲ್ಲಿ ನಿಂತರೂ ನಿಮಗೆ, ನನಗೆ ಅವು ಕಲ್ಲಾಗಿಯೇ ಕಾಣುತ್ತವೆ. ಅಂಥದ್ದನ್ನು ಕಂಡುಹಿಡಿದ ಕಣ್ಣು ಆ ಹುಡುಗರದ್ದು. ಅದಕ್ಕೊಂದು ಕೆಲಸ ಕೊಡಬೇಕು.

ಇನ್ನೊಮ್ಮೆ ಹೀಗಾದರೆ ಅವರನ್ನೇ ಮುಂದೆ ಬಿಟ್ಟುಕೊಂಡು ಹೋಗಿ, ತೆಗೆದ ಜಾಗದಲ್ಲೇ ಮೊಟ್ಟೆ ಇಡಿಸಿ, ತಡಮಾಡದೆ ದೂರ ಬನ್ನಿ. ಮನುಷ್ಯರು ಮುಟ್ಟಿದ ಮೊಟ್ಟೆಗೆ ಹಕ್ಕಿ ಮತ್ತೆ ಕಾವು ಕೂರುವುದಿಲ್ಲ ಎಂಬ ಮಾತು ಊರೂರಲ್ಲಿದೆ. ಅದು ನಿಜವಲ್ಲ, ಹೆಚ್ಚಿನ ಹಕ್ಕಿಗಳು ಮರಳಿ ಬರುತ್ತವೆ. ಆಮೇಲೆ ಆ ಇಬ್ಬರಿಗೂ ಒಂದೊಂದು ನೋಟ್‌ಬುಕ್ ಕೊಟ್ಟು, ದೂರದ ಬದುವಿನ ಮೇಲೆ ಕೂತು ದಿನಕ್ಕೆ ಹತ್ತು ನಿಮಿಷ ನೋಡಿ ಬರೆಯಲು ಹೇಳಿ. ಮರಿ ಹೊರಬರಲು ಸುಮಾರು ನಾಲ್ಕು ವಾರ. ಬಿಸಿಲು ಜೋರಾದ ದಿನ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುವುದನ್ನು ಅವರು ಕಾಣಬಹುದು. ಬಿಸಿಲಿಗೆ ಮೊಟ್ಟೆ ಕೆಡದಂತೆ ತಂಪು ಮಾಡುವ ಉಪಾಯ ಅದು. ಮರಿಗಳು ಹುಟ್ಟಿದ ದಿನವೇ ನಡೆದಾಡುತ್ತವೆ. ದೊಡ್ಡ ಹಕ್ಕಿ ಎಚ್ಚರಿಕೆಯ ಕೂಗು ಹಾಕಿತೆಂದರೆ ನೆಲಕ್ಕೆ ಅಂಟಿಕೊಂಡು, ಇದ್ದಲ್ಲೇ ಇಲ್ಲದಂತಾಗುತ್ತವೆ. ಇದನ್ನು ಕಣ್ಣಾರೆ ಕಂಡ ಹುಡುಗನಿಗೆ "ಹಕ್ಕಿಗಳನ್ನು ಪ್ರೀತಿಸು" ಎಂದು ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಮೆಕ್ಕೆಜೋಳದ ಬಿತ್ತನೆಗೆ ಹೊಲ ಹಸನು ಮಾಡುವ ಹೊತ್ತಿಗೇ ಟಿಟ್ಟಿಭ ಕಾವು ಕೂತಿರುತ್ತದೆ. ಟ್ರ್ಯಾಕ್ಟರ್ ಬಂದರೆ ಮೊಟ್ಟೆ ಮಣ್ಣುಪಾಲು. ಎಲ್ಲೆಲ್ಲಿ ಗೂಡಿದೆ ಎಂದು ಗೊತ್ತಿರುವ ಮಕ್ಕಳು ಹೊಲದವರಿಗೂ ಡ್ರೈವರಿಗೂ ಮೊದಲೇ ಹೇಳಿ, "ಕಾಕಾ, ಈ ಒಂದು ಮಾರು ಬಿಟ್ಟು ಹೊಡೀರಿ" ಅನ್ನಬಹುದು. ದೊಡ್ಡವರು ಆ ಮಾತಿಗೆ ಬೆಲೆ ಕೊಟ್ಟು ಸ್ಟೇರಿಂಗ್ ತಿರುಗಿಸಬೇಕು. ಮೇಡಂ, ನಮ್ಮ ಕಾರ್ಯಕ್ರಮಗಳಲ್ಲಿ ಇಲ್ಲದ್ದು ಇದೇ. ಮಕ್ಕಳ ಕೈಗೆ ಫಲಕ ಕೊಟ್ಟು ಬೀದಿಯಲ್ಲಿ ನಡೆಸುತ್ತೇವೆ, ಫೋಟೋ ತೆಗೆದು ವರದಿ ಕಳಿಸುತ್ತೇವೆ. ಅವರಿಗೆ ಗೊತ್ತಿರುವುದನ್ನು ಕೇಳಿ ನಾವು ಒಂದು ನಿರ್ಧಾರವನ್ನಾದರೂ ಬದಲಿಸುವುದಿಲ್ಲ. ಹಾಗೆ ಬದಲಿಸುವ ತನಕ ಮಕ್ಕಳು ಸಂರಕ್ಷಣೆಯಲ್ಲಿ ಪಾಲುಗೊಂಡಂತಾಗುವುದಿಲ್ಲ.

ಚಿತ್ರದ ವಿಷಯ. ಜಿರಾಫೆ ಬರೆದದ್ದು ಮಕ್ಕಳ ತಪ್ಪಲ್ಲ, ಅವರಿಗೆ ತೋರಿಸಿದ್ದೇ ಅದು. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿಧಾಮವಿದೆ. 2011ರಲ್ಲಿ ಘೋಷಣೆಯಾಯಿತು, ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು. ಹೆಸರಿನಲ್ಲಿ ಕುರಿ ಇದ್ದರೂ ಕೊಂಡುಕುರಿ ಒಂದು ಹುಲ್ಲೆ; ಭಾರತ, ನೇಪಾಳ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಗಿಡ್ಡನೆಯ ಎರಡು. ಹೆಣ್ಣಿಗೆ ಕೊಂಬೇ ಇಲ್ಲ. ಹಿಂಡು ಕಟ್ಟುವ ಪ್ರಾಣಿಯಲ್ಲ. ಅಪಾಯ ಕಂಡರೆ ಹುಲ್ಲಿನಲ್ಲಿ ಅವಿತುಬಿಡುವ ಪುಕ್ಕಲು ಸ್ವಭಾವ. ಒಮ್ಮೆ ಹೋಗಿ ಬಂದ ಮಕ್ಕಳಿಗೆ ಅದು ಕಾಣದಿರುವ ಸಂಭವವೇ ಹೆಚ್ಚು. ಆದರೆ ಅದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಆ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂರಿಸಿ. ಹೊಳೆಯುವ ಕಪ್ಪು ಹಿಕ್ಕೆ ಹೊಸದು, ಒಣಗಿ ಬಿಳಿಚಿಕೊಂಡದ್ದು ಹಳೆಯದು. ಪಕ್ಕದಲ್ಲಿ ಗೊರಸಿನ ಗುರುತಿದೆಯೇ? ಹತ್ತಿರದಲ್ಲಿ ನೀರೆಲ್ಲಿದೆ? ಕುರಿ ಕಾಯುವ ಮನೆಯ ಮಗು ಈ ಪಾಠದಲ್ಲಿ ನಿಮಗಿಂತ ಮುಂದಿರುತ್ತದೆ, ಇರಲಿ ಬಿಡಿ. ಮುಂದಿನ ಸಪ್ತಾಹಕ್ಕೆ "ನಾನು ಕಣ್ಣಾರೆ ಕಂಡ ಪ್ರಾಣಿ" ಎಂದು ವಿಷಯ ಕೊಡಿ. ಓತಿಕ್ಯಾತ ಬರೆದರೂ ಸರಿ, ಕೇರೆಹಾವು ಬರೆದರೂ ಸರಿ.

ಬೇಟೆಯದ್ದು ಸೂಕ್ಷ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆಯೂ ಅಪರಾಧ, ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಬೇಟೆಯ ಲೆಕ್ಕವೇ. ಇದನ್ನು ಊರಿನ ದೊಡ್ಡವರಿಗೆ ದೊಡ್ಡವರೇ ಹೇಳಬೇಕು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಹಬ್ಬಕ್ಕೆ ತಿಂಗಳು ಮೊದಲೇ. ತರಗತಿಯಲ್ಲಿ ನಿಂತು "ಬೇಟೆಯಾಡುವವರು ಕಳ್ಳರು" ಎಂದರೆ ಹತ್ತು ವರ್ಷದ ಮಗು ಅಪ್ಪನನ್ನೋ ನಿಮ್ಮನ್ನೋ ಒಬ್ಬರನ್ನು ಆರಿಸಿಕೊಳ್ಳಬೇಕಾಗುತ್ತದೆ. ಅಪ್ಪನನ್ನೇ ಆರಿಸಿಕೊಳ್ಳುತ್ತದೆ, ಅದು ನ್ಯಾಯವೂ ಹೌದು. ಮನೆಯವರ ಮೇಲೆ ದೂರು ತರುವ ಕೆಲಸಕ್ಕೆ ಮಕ್ಕಳನ್ನು ಎಂದೂ ಹಚ್ಚಬಾರದು. ಅದರ ಬದಲು ಬೇಟೆ ಬಿಟ್ಟ ಅಜ್ಜನೊಬ್ಬರನ್ನು ಶಾಲೆಗೆ ಕರೆಯಿರಿ. ಅವರ ಹುಡುಗಾಟದ ಕಾಲದಲ್ಲಿ ತೋಳ ಎಲ್ಲಿ ಮರಿ ಹಾಕುತ್ತಿತ್ತು, ಕೃಷ್ಣಮೃಗ ಯಾವ ಕಾವಲಿನಲ್ಲಿ ಮೇಯುತ್ತಿತ್ತು, ಪುರಲೆಹಕ್ಕಿ ಎಷ್ಟು ಸಿಗುತ್ತಿತ್ತು ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಈಗ ಅಲ್ಲೆಲ್ಲ ಏನಿದೆ ಎಂಬುದನ್ನು ಪಕ್ಕದ ಪುಟದಲ್ಲಿ ಬರೆಯಲಿ.

ದೂರದ ಒಂದು ಉದಾಹರಣೆ ಹೇಳುತ್ತೇನೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ, ಸೈಬೀರಿಯಾ ಕಡೆಯಿಂದ ಆಫ್ರಿಕಾಕ್ಕೆ ಹೊರಟ ಅಮೂರ್ ಚಾಣಗಳನ್ನು (ಗಿಡುಗದಂಥ ಚಿಕ್ಕ ಹಕ್ಕಿಗಳನ್ನು) ಬಲೆ ಹಾಕಿ ಲಕ್ಷಕ್ಕೂ ಮೇಲೆ ಕೊಂದರೆಂದು ಅಂದಾಜಾಯಿತು. ಮರುವರ್ಷ ಅಲ್ಲಿ ಬಲೆ ಹಾಕುವುದು ನಿಂತಿತು. ಆ ಬದಲಾವಣೆಯಲ್ಲಿ ಮಕ್ಕಳ ಪರಿಸರ ಕ್ಲಬ್‌ಗಳದ್ದೂ ಪಾಲಿತ್ತು. ಆದರೆ ನಿಷೇಧ ಹಾಕಿ ಅದಕ್ಕೆ ಬದ್ಧರಾದವರು ಊರಿನ ಮಂಡಳಿಗಳು. ಬಲೆಯ ಸಂಪಾದನೆ ಬಿಟ್ಟವರು ಆ ಮಕ್ಕಳ ತಂದೆಯಂದಿರು. "ನಾಳೆಯ ಕಾಡು ಮಕ್ಕಳ ಕೈಯಲ್ಲಿ" ಎಂದು ಭಾಷಣ ಮಾಡಿ ಇವತ್ತಿನ ಹೊಣೆಯಿಂದ ಜಾರಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಜಾಗ್ರತೆ. ವನ್ಯಜೀವಿಧಾಮದೊಳಗೆ ನೀವಾಗಿಯೇ ಮಕ್ಕಳನ್ನು ಕರೆದೊಯ್ಯಬೇಡಿ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು ಕೇಳಿ. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಇಲಾಖೆಯ "ಚಿಣ್ಣರ ವನದರ್ಶನ" ಇದೆ, ಅದರ ಬಗ್ಗೆಯೂ ವಿಚಾರಿಸಿ. ಆ ಸೀಮೆಯಲ್ಲಿ ಕರಡಿಗಳಿವೆ. ಮುಂಜಾನೆ, ಮುಸ್ಸಂಜೆ ಬೇಡ, ಕಾಡು ಬಲ್ಲ ವಾಚರ್ ಇಲ್ಲದೆ ಬೇಡವೇ ಬೇಡ. ಶಾಲೆಯ ಅಂಗಳ, ಕೆರೆ ಏರಿ, ಹೊಲದ ಬದು ಇವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ, ವರ್ಷದ ಹೆಚ್ಚಿನ ಕೆಲಸ ಅಲ್ಲೇ ಆಗುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ನೋಡಿ, ಕಂಡ ಹಕ್ಕಿಗಳ ಪಟ್ಟಿ ಕಳಿಸಿದರಾಯಿತು. ನಿಮ್ಮ ಮೊಬೈಲೊಂದೇ ಸಾಕು.

ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಜಾಗ, ಏನು, ಎಷ್ಟು, ಏನು ಮಾಡುತ್ತಿತ್ತು ಎಂದು ಬರೆಸಿ. ಹೆಸರು ಗೊತ್ತಿಲ್ಲದಿದ್ದರೆ ಊರಲ್ಲಿ ಕರೆಯುವ ಹೆಸರೇ ಇರಲಿ, ಕಾಗುಣಿತ ತಿದ್ದಲು ಹೋಗಬೇಡಿ. ಗೂಡಿನ ಫೋಟೋ, ಜಾಗ ಯಾವುದನ್ನೂ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ದಸರಾ ರಜೆಗೆ ಮುಂಚೆ ನಾಲ್ಕಾರು ಪುಟಗಳ ಫೋಟೋ ತೆಗೆದು ನಮಗೆ ಕಳಿಸಿ. ಜಾಗದ ಹೆಸರು ತೆಗೆದು, ಮಕ್ಕಳು ಬರೆದ ಹಾಗೆಯೇ ಅಚ್ಚು ಹಾಕುತ್ತೇವೆ. ಆ ಇಬ್ಬರು ಹುಡುಗರ ಪುಟ ಅದರಲ್ಲಿ ಖಂಡಿತ ಇರಲಿ.

— ಸಂಪಾದಕ